ಏನೂ ಬೇಡದವರ ಬಾಗಿಲಲ್ಲಿ

ನಮ್ಮ ಅಜ್ಜಿಮನೆಯ ಮಾಡಿನ ಹಂಚುಗಳ ಮೇಲೆ ಬಾಸೆಲ್ ಮಿಶನ್ನಿನ ಹೆಸರಿತ್ತು. ಮಳೆಗಾಲಕ್ಕೆ ಮುಂಚೆ ಹಂಚು ಇಳಿಸಿ ಪಾಚಿ ಉಜ್ಜುವಾಗ ಆ ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸಿ ನಾನು ಇಂಗ್ಲಿಷ್ ಓದಲು ಕಲಿತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಸಭಾಪಾಲಕನಾಗಿ ಬಂದು, ಮಿಶನ್‌ಸ್ಟ್ರಾಸೆಯ 21ನೇ ನಂಬರಿನ ಮಿಶನ್ ಕಟ್ಟಡದ ಮುಂದೆ ಮೊದಲ ಸಲ ನಿಂತಾಗ ಆ ಪಾಚಿಯ ವಾಸನೆಯೇ ಮೂಗಿಗೆ ಬಂದಂತಾಯಿತು.

1834ರಲ್ಲಿ ಈ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಆಮೇಲೆ ಶಾಲೆ ಬಂತು, ಅಚ್ಚುಕೂಟ ಬಂತು, 1843ರಲ್ಲಿ ಮ್ಯೋಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ ಬಂತು. ಕ್ರೈಸ್ತರಾದವರನ್ನು ಜಾತಿಯವರು ಹೊರಗಿಟ್ಟಾಗ, ಕಸುಬು ಕಳೆದುಕೊಂಡವರಿಗೆ ಕೆಲಸ ಬೇಕಿತ್ತು. 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನಮ್ಮ ಹಿರಿಯರು ಅಲ್ಲಿ ಮಣ್ಣು ತುಳಿದವರು. ಅವರು ಸಭೆಗೆ ಬಂದದ್ದು ಕರ್ತನಿಗಾಗಿಯೋ ಕೂಲಿಗಾಗಿಯೋ ಎಂದು ಕೇಳಿದವರಿದ್ದಾರೆ. ಆ ಪ್ರಶ್ನೆ ಚಿಕ್ಕಂದಿನಲ್ಲಿ ನನ್ನನ್ನು ತುಂಬ ನೋಯಿಸಿತ್ತು. ಎರಡಕ್ಕೂ ಬಂದಿರಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲವೆಂದು ಈಗ ನನ್ನ ನಂಬಿಕೆ.

ಆದರೆ ಈ ಬಾಸೆಲ್ ಊರಿನಲ್ಲಿ ನಾನು ಕೊಡುವುದೇನು? ಶಾಲೆಯೆ, ಆಸ್ಪತ್ರೆಯೆ, ಕೆಲಸವೆ? ದೊಡ್ಡ ದೊಡ್ಡ ಔಷಧ ಕಂಪನಿಗಳ ಊರು ಇದು. ಬೇಸಿಗೆಯ ಸಂಜೆ ಜನ ಕೆಲಸ ಮುಗಿಸಿ, ಬಟ್ಟೆಯನ್ನು ಮೀನಿನಾಕಾರದ ಚೀಲದಲ್ಲಿ ಬಿಗಿದುಕೊಂಡು, ರೈನ್ ನದಿಯಲ್ಲಿ ತೇಲುತ್ತ ಹೋಗುತ್ತಾರೆ. ಇಂದು ಇಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾವ ಧರ್ಮಕ್ಕೂ ಸೇರಿದವರಲ್ಲ. ಅವರಿಗೆ ದೇವರ ಮೇಲೆ ಸಿಟ್ಟಿಲ್ಲ, ಬೇಕೆನಿಸಿಲ್ಲ, ಅಷ್ಟೇ.

ಇಂಥ ಕಡೆ ಸೇವೆ ಮಾಡುವವರು ಮೊದಲು ಗಾಯ ಹುಡುಕುತ್ತಾರೆ. ಒಂಟಿತನವಿದೆ, ನಿದ್ದೆಯಿಲ್ಲ, ಹಾಗಾಗಿ ಕ್ರಿಸ್ತ ಬೇಕು ಎನ್ನುತ್ತಾರೆ. ಇದು ನನಗೆ ಒಗ್ಗುವುದಿಲ್ಲ. ಸುಖವಾಗಿರುವವನು ಸುಖವಾಗಿದ್ದಾನೆಂದು ಒಪ್ಪದೆ ಅವನಿಗೆ ಸುವಾರ್ತೆ ಹೇಳುವುದು ಹೇಗೆ? ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನು ಜಕ್ಕಾಯನ ಕಥೆಯನ್ನು ನಾನು ಇಲ್ಲಿ ಮತ್ತೆ ಮತ್ತೆ ಓದುತ್ತೇನೆ. ಅವನು ಹಣವಂತ. ಯೇಸು ಅವನಿಗೆ ರೊಟ್ಟಿ ಕೊಡಲಿಲ್ಲ, ರೋಗ ವಾಸಿಮಾಡಲಿಲ್ಲ. ಮರದಿಂದ ಇಳಿಸಿ, ಅವನ ಮನೆಗೇ ಅತಿಥಿಯಾಗಿ ಹೋದ.

ಗುರುವಾರ ನಾನು ಒಂದು ವೃದ್ಧಾಶ್ರಮಕ್ಕೆ ಹೋಗುತ್ತೇನೆ. ಅಲ್ಲೊಬ್ಬ ಅಮ್ಮ, ಎಂಬತ್ತೆಂಟು ವರ್ಷ. ಕಿಟಕಿಯಾಚೆ ನದಿ, ಕೈಗೆಟುಕುವಲ್ಲಿ ಕರೆಗಂಟೆ. ಮೊದಲ ದಿನವೇ, “ನನಗೆ ಏನೂ ಬೇಕಾಗಿಲ್ಲ” ಎಂದು ಸ್ಪಷ್ಟವಾಗಿ ಹೇಳಿದರು. ನನ್ನ ಹರುಕು ಜರ್ಮನ್‌ನಲ್ಲಿ, ಈ ಊರಿಗೆ ಬಂದು ಎಂಟು ತಿಂಗಳಾಯಿತು, ಯಾರ ಕೈಯಿಂದಲೂ ಕಾಫಿ ಕುಡಿದಿಲ್ಲ ಎಂದೆ. ನಿಜವನ್ನೇ ಹೇಳಿದ್ದೆ. ನಮ್ಮೂರಿನಲ್ಲಾದರೆ “ಬನ್ನಿ ಅಯ್ಯನವರೇ” ಎಂದು ಕರೆದು, ಕೂರುವ ಮೊದಲೇ ಲೋಟ ಕೊಡುತ್ತಾರೆ. ಇಲ್ಲಿ ಹೊತ್ತು ಗೊತ್ತುಮಾಡದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ.

ಸಹಾಯಕ್ಕೆ ಬಂದ ಹುಡುಗಿಯನ್ನು ಕಳಿಸಿ, ಆ ಅಮ್ಮ ತಾವೇ ಎದ್ದರು. ಕೈ ನಡುಗುತ್ತಿತ್ತು. ಚಮಚದಲ್ಲಿದ್ದ ಕಾಫಿಪುಡಿ ಅರ್ಧ ಮೇಜಿನ ಮೇಲೆ ಚೆಲ್ಲಿತು. ಅದನ್ನು ಅಂಗೈಯಂಚಿನಿಂದ ಬಳಿದು ಮತ್ತೆ ಡಬ್ಬಿಗೆ ಹಾಕಿದರು. ನನ್ನ ಅಜ್ಜಿಯೂ ಥೇಟ್ ಹೀಗೇ ಬಳಿಯುತ್ತಿದ್ದಳು. ಕಾಫಿ ಕಹಿಯಾಗಿತ್ತು. ಪೂರ್ತಿ ಕುಡಿದೆ.

ಏಳೆಂಟು ಗುರುವಾರ ಬರೀ ಕಾಫಿಯಲ್ಲೇ ಹೋದವು. ನಾನು ಪ್ರಾರ್ಥಿಸಲೇ ಎಂದು ಕೇಳಲಿಲ್ಲ. ಅದು ಅಂಜಿಕೆಯೇ ಎಂದು ರಾತ್ರಿ ಮಲಗಿದಾಗ ನನ್ನನ್ನೇ ಕೇಳಿಕೊಂಡದ್ದುಂಟು. ಕ್ರಿಸ್ತನ ಹೆಸರು ಹೇಳದೆ ಎಷ್ಟು ದಿನ ಅತಿಥಿಯಾಗಿರುವುದು? ಒಂದು ದಿನ ಜಕ್ಕಾಯನ ಕಥೆ ಹೇಳಿದೆ. ಬಾಲ್ಯದಲ್ಲಿ ಕೇಳಿದ್ದರಂತೆ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆಂದು ಅವನು ಹೇಳಿದ ಕಡೆ ನನ್ನನ್ನು ತಡೆದು, ಹೊಳೆಯಾಚೆ ಕೈ ತೋರಿಸಿದರು. ತಂಗಿ ಅಲ್ಲಿದ್ದಾಳೆ, ಅಪ್ಪನ ಮನೆ ಪಾಲಿನಲ್ಲಿ ಅವಳಿಗೆ ತಾನು ಅನ್ಯಾಯ ಮಾಡಿದೆ, ಮೂವತ್ತೊಂದು ವರ್ಷವಾಯಿತು ಮಾತಾಡಿ.

ಇಲ್ಲಿಯ ದಾಟುದೋಣಿಗಳಿಗೆ ಎಂಜಿನ್ ಇಲ್ಲ. ಅಡ್ಡ ಕಟ್ಟಿದ ತಂತಿಗೆ ಬಿಗಿದ ದೋಣಿಯನ್ನು ನೀರಿನ ಸೆಳೆತವೇ ಆಚೆ ಮುಟ್ಟಿಸುತ್ತದೆ, ಕೆಲವೇ ನಿಮಿಷದ ಹಾದಿ. ಅವರು ಬಹಳ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ, ಚಳಿಗಾಲದಲ್ಲಿ ದೋಣಿ ಎಷ್ಟು ಗಂಟೆಯವರೆಗೆ ಇರುತ್ತದೆ ಎಂದು ಕೇಳಿದರು.

ವಿಚಾರಿಸಿಕೊಂಡು ಬರುತ್ತೇನೆ ಎಂದೆ.