ಬಾಯಿ ಎಂಬ ಎರಡಕ್ಷರ

ಮಾತು ಚಿಕ್ಕದಾದಷ್ಟೂ ಅದರ ಸಂಚಾರ ದೊಡ್ಡದು ಎನ್ನಲು ‘ಬಾಯಿ’ ಎಂಬ ಎರಡಕ್ಷರಕ್ಕಿಂತ ಬೇರೆ ಸಾಕ್ಷಿ ಬೇಡ. ಕನ್ನಡಿಗರಾದ ನಮಗೆ ಅದು ಉಣ್ಣುವ, ನುಡಿಯುವ ಅಂಗ, ತುಳುವರಿಗೂ ಅದೇ. ಕೊಂಕಣಿಯವರು ತುಸು ಮೂಗಿನಿಂದ ‘ಬಾಂಯ್’ ಎಂದರೆ ನೀರು ಸೇದುವ ಬಾವಿ. ಮರಾಠಿಗರಿಗೆ ‘ಬಾಯಿ’ ಎಂದರೆ ಹೆಂಗಸು. ಹಿಂದಿಯವರು ಬಕಾರಕ್ಕೆ ಕೊಂಚ ಉಸಿರು ಕೊಟ್ಟು ‘ಭಾಯಿ’ ಎಂದರೆ ಒಡಹುಟ್ಟಿದವನು. ಶಾಲೆಗೆ ಹೊರಟ ಮಗು ಕೈಬೀಸಿ ಹೇಳುವ ಇಂಗ್ಲಿಷಿನ ‘ಬಾಯ್’ ಬೇರೆಯೇ. ದೂರದ ತುರ್ಕಿಯಲ್ಲಿ ‘ಬಾಯ್’ ಎಂಬುದು ಗಂಡಸರ ಹೆಸರಿಗೆ ಹಚ್ಚುವ ‘ಶ್ರೀ’. ತುರ್ಕಿಯದನ್ನು ಬಿಟ್ಟರೆ ಉಳಿದ ಅರ್ಥಗಳೆಲ್ಲ ದಹಿಸರಿನ ಒಂದೇ ಕಟ್ಟಡದ ಮೆಟ್ಟಿಲ ಮೇಲೆ ದಿನಬೆಳಗಾದರೆ ಎದುರಾಗುತ್ತವೆ.

ಇದು ಬರಿಯ ವಿನೋದದ ವಿಷಯವಲ್ಲ. ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ಯಾವ ಬಗೆಯದು ಎಂದು ನಮ್ಮ ದಾರ್ಶನಿಕರು ಬಹು ಹಿಂದೆಯೇ ವಾದ ಹೂಡಿದ್ದಾರೆ. ಆ ನಂಟು ನಿತ್ಯವಾದದ್ದು, ಸಹಜವಾದದ್ದು ಎಂದರು ಮೀಮಾಂಸಕರು. ನೈಯಾಯಿಕರು ಒಪ್ಪಲಿಲ್ಲ. ನ್ಯಾಯಸೂತ್ರದ ಉತ್ತರ ಸೊಗಸಾಗಿದೆ: ನಂಟು ಸಹಜವಾಗಿದ್ದರೆ ‘ಅನ್ನ’ ಎಂದೊಡನೆ ಬಾಯಿ ತುಂಬಬೇಕಿತ್ತು, ‘ಬೆಂಕಿ’ ಎಂದೊಡನೆ ಸುಡಬೇಕಿತ್ತು, ‘ಕತ್ತಿ’ ಎಂದೊಡನೆ ಸೀಳಬೇಕಿತ್ತು. ಮೇಲಾಗಿ ಜನ ಬೇರೆಯಾದಂತೆ ಶಬ್ದದ ಅರ್ಥವೂ ಬೇರೆಯಾಗುತ್ತದೆ. ಆದುದರಿಂದ ಅರ್ಥವೆಂಬುದು ಜನರು ಮಾಡಿಕೊಂಡ ಸಂಕೇತ. ದಹಿಸರಿನ ಮೆಟ್ಟಿಲು ನೈಯಾಯಿಕರ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಆದರೆ ಅರ್ಥವನ್ನು ಮಾಡಿದವರು ಜನರೇ ಎಂದಮೇಲೆ ಅದರ ಹೊಣೆಯೂ ಜನರದೇ. ಇಲ್ಲಿಂದ ಮುಂದಕ್ಕೆ ಪ್ರಶ್ನೆ ವ್ಯಾಕರಣದ್ದಲ್ಲ, ನೀತಿಯದು.

ಮರಾಠಿಯ ‘ಬಾಯಿ’ಯನ್ನೇ ನೋಡೋಣ. ಅಹಲ್ಯಾಬಾಯಿ ಹೋಳ್ಕರ್ ರಾಜ್ಯವಾಳಿದವರು. ಝಾನ್ಸಿಯ ಲಕ್ಷ್ಮೀಬಾಯಿ 1858ರಲ್ಲಿ ರಣರಂಗದಲ್ಲಿ ಮಡಿದವರು. ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವರು. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಇದೇ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದವರು. ಮುಂಬಯಿ ಸೆಂಟ್ರಲಿನ ನಾಯರ್ ಆಸ್ಪತ್ರೆಯ ಪೂರ್ಣ ಹೆಸರಿನಲ್ಲಿ ‘ಬಾಯಿ ಯಮುನಾಬಾಯಿ’ ಎಂದು ಆ ಮಾತು ಎರಡು ಸಲ ಬರುತ್ತದೆ.

ಇಷ್ಟು ಗೌರವದ ಮಾತೇ ಉತ್ತರದ ಸಂಗೀತಲೋಕದಲ್ಲಿ ವೃತ್ತಿಗಾಯಕಿಯರ ಗುರುತಾಗಿ, ಹಾಡನ್ನು ಮೆಚ್ಚುತ್ತಲೇ ಹಾಡಿದವಳನ್ನು ದೂರವಿಡುವವರ ನಾಲಗೆಯಲ್ಲಿ ಕೀಳಾಯಿತು. ಅಖ್ತರೀಬಾಯಿ ಮದುವೆಯ ಬಳಿಕ ಬೇಗಂ ಅಖ್ತರ್ ಎನಿಸಿಕೊಂಡರು. ಧಾರವಾಡದಲ್ಲಿ ಹುಟ್ಟಿದ ನಮ್ಮ ಗಂಗೂಬಾಯಿ ಹಾನಗಲ್ ಆ ‘ಬಾಯಿ’ಯನ್ನು ಬಿಡದೆಯೇ 2002ರಲ್ಲಿ ಪದ್ಮವಿಭೂಷಣದವರೆಗೆ ಒಯ್ದರು. ಮಾತು ಬದಲಾಗಲಿಲ್ಲ, ಅದನ್ನು ಹೊತ್ತವರ ಬಾಳು ಅದರ ಬೆಲೆಯನ್ನು ಏರಿಸಿತು.

ಇನ್ನು ನಮ್ಮ ಮನೆಗಳ ಮಾತು. ಮುಂಬಯಿಯಲ್ಲಿ ಇಂದು ಬರಿಯ ‘ಬಾಯಿ’ ಎಂದರೆ ಪಾತ್ರೆ ತಿಕ್ಕುವವಳು, ನೆಲ ಒರೆಸುವವಳು. ಮರಾಠಿ ಶಾಲೆಯಲ್ಲಿ ಅಧ್ಯಾಪಿಕೆಯನ್ನೂ ‘ಬಾಯಿ’ ಎಂದೇ ಕರೆಯುತ್ತಾರೆ. ತರಗತಿಯಲ್ಲಿ ಎದ್ದು ನಿಂತು ‘ಬಾಯಿ’ ಎನ್ನುವ ಮಗುವೇ ಮನೆಯಲ್ಲಿ ಕೂತಲ್ಲಿಂದ ‘ಬಾಯಿ, ನೀರು’ ಎನ್ನುತ್ತದೆ. ಶಬ್ದ ಒಂದೇ, ಭೇದವಿರುವುದು ಅದರ ಬಾಲದಲ್ಲಿ. ಅಧ್ಯಾಪಿಕೆ ಬಂದರೆ ಮರಾಠಿಗರು ‘ಬಾಯಿ ಆಲ್ಯಾ’ ಎನ್ನುತ್ತಾರೆ, ಕೆಲಸದವಳು ಬಂದರೆ ‘ಬಾಯಿ ಆಲೀ’. ನಾವು ಆ ಶಬ್ದವನ್ನು ಎರವಲು ತಂದೆವು, ಜತೆಗೆ ‘ಬಂದಳು’ ಎಂಬ ನಮ್ಮ ಏಕವಚನವನ್ನು ಜೋಡಿಸಿದೆವು. ಹತ್ತು ವರ್ಷ ಒಂದೇ ಮನೆಯಲ್ಲಿ ದುಡಿದವಳ ಹೆಸರು ಆ ಮನೆಯ ಮಕ್ಕಳಿಗೆ ತಿಳಿಯದಿರುವುದು ಈ ಊರಿನಲ್ಲಿ ಅಪರೂಪವೇನಲ್ಲ.

‘ಅದು ಗೌರವದ ಮಾತೇ ಅಲ್ಲವೇ, ಅವಳೂ ಬೇಡವೆನ್ನುವುದಿಲ್ಲವಲ್ಲ’ ಎಂದು ಕೇಳುವವರುಂಟು. ಇದಕ್ಕೆ ಉತ್ತರ ಹೊರನಾಡ ಕನ್ನಡಿಗರ ನೆನಪಿನಲ್ಲಿಯೇ ಇದೆ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರನ್ನು ಗಿರಾಕಿಗಳು ‘ಏ ಪೋರ್ಯಾ’ ಎಂದು ಕೂಗುತ್ತಿದ್ದರು. ಪೋರ ಎಂದರೆ ಹುಡುಗ, ಬೈಗುಳವಲ್ಲ. ‘ಅಣ್ಣಾ’ ಎಂಬುದೂ ಒಡಹುಟ್ಟಿನ ಮಾತು. ಚಹ ತರಿಸುವವರ ದನಿಯಲ್ಲಿ ಅದು ಬರಿಯ ಕೂಗಾಯಿತು. ನಿಘಂಟಿನಲ್ಲಿ ತಪ್ಪಿಲ್ಲದ ಮಾತು ಮನಸ್ಸಿಗೆ ನಾಟಬಲ್ಲದು ಎಂಬುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರೂ ಆಗ ಬೇಡವೆನ್ನಲಿಲ್ಲ. ಹೊಟ್ಟೆಪಾಡು ಬಾಯಿ ಕಟ್ಟಿತ್ತು. ‘ಬೆಂಕಿ’ ಎಂದರೆ ಬಾಯಿ ಸುಡುವುದಿಲ್ಲವೆಂದ ನೈಯಾಯಿಕರ ಮಾತು ದಿಟ. ಆಡಿದ ಬಾಯಿ ಸುಡುವುದಿಲ್ಲ. ಸುಡುವುದು ಕೇಳಿದ ಕಿವಿ.

ಕರೆಯುವ ರೀತಿ ಬದಲಾದ ಮಾತ್ರಕ್ಕೆ ಸಂಬಳ ಹೆಚ್ಚುವುದೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಸವಿಮಾತು ಸಂಬಳಕ್ಕೆ, ವಾರದ ರಜೆಗೆ ಬದಲಾಗಲಾರದು. ಆದರೆ ಎರಡೂ ಒಂದೇ ಬೇರಿನವು. ಮಹಾರಾಷ್ಟ್ರ ಸರಕಾರ 2008ರಲ್ಲಿ ಇವರ ಕಲ್ಯಾಣ ಮಂಡಳಿಗಾಗಿ ಕಾಯಿದೆ ಮಾಡಿದಾಗ ಅದರಲ್ಲಿ ಬಳಸಿದ ಮಾತು ‘ಘರೇಲು ಕಾಮಗಾರ್’, ಎಂದರೆ ಮನೆಗೆಲಸದ ಕಾರ್ಮಿಕರು. ಕಾರ್ಮಿಕರು ಎಂದೊಡನೆ ಲೆಕ್ಕ, ರಜೆ, ಹಕ್ಕು ನೆನಪಾಗುತ್ತವೆ. ಹೆಸರಿಲ್ಲದ ‘ಬಾಯಿ’ ಎಂದಾಗ ಬಾಕಿ ಉಳಿದ ಪಾತ್ರೆ ಮಾತ್ರ ನೆನಪಾಗುತ್ತದೆ.

ಹಾಗೆಂದು ಆ ಶಬ್ದವನ್ನು ಮನೆಯಿಂದ ಹೊರಹಾಕಬೇಕಾಗಿಲ್ಲ. ಅಹಲ್ಯಾಬಾಯಿ, ಸಾವಿತ್ರಿಬಾಯಿ, ಗಂಗೂಬಾಯಿ — ಇಲ್ಲೆಲ್ಲ ಮೊದಲು ಹೆಸರು, ಆಮೇಲೆ ‘ಬಾಯಿ’. ಮನೆಗೆ ಬರುವವರ ಹೆಸರು ಕೇಳಿ ತಿಳಿದು ಅದರ ಮುಂದೆ ಆ ಎರಡಕ್ಷರ ಸೇರಿಸಿದರೆ ಮಾತು ತನ್ನ ಹಳೆಯ ಪದವಿಗೆ ತಾನೇ ಏರುತ್ತದೆ. ‘ಬಂದಳು’ ಎನ್ನುವಲ್ಲಿ ‘ಬಂದರು’ ಎಂದರೆ ಕನ್ನಡಕ್ಕೆ ಖರ್ಚೇನೂ ಇಲ್ಲ. ಮರಾಠಿಯ ‘ಬಾಯಿ’ಗೆ ಏನು ಬೆಲೆ ಎಂಬುದನ್ನು ದಹಿಸರಿನ ನಮ್ಮ ಮನೆಗಳಲ್ಲಿ ತೀರ್ಮಾನಿಸುವುದು ಕನ್ನಡದ ಬಾಯಿಯೇ.