ಗೋಡೆಯೊಳಗಿನ ಗೂಡು

ಹೋಟೆಲಿನ ಒಳಾಂಗಣ ಅಂದರೇನು? ಗೋಡೆಗೆ ಸುಣ್ಣ, ನೆಲಕ್ಕೆ ಫರಸಿಕಲ್ಲು, ನಾಲ್ಕು ಬಾಕು, ಬಾಗಿಲ ಬದಿಗೆ ಗಲ್ಲಾ, ಮೇಲೊಂದು ಫೋಟೋ. ಇಷ್ಟೇ ಅನ್ನುವವರು ಹೊರಗೆ ನಿಂತು ಚಹಾ ಕುಡಿದವರಲ್ಲ.

ನಾನು ಹುಡುಗನಿದ್ದಾಗ ಚಡಚಣಕ್ಕೆ ಹೋಗುವ ದಾರಿಯಲ್ಲಿ ಒಂದು ಚಹಾದಂಗಡಿ ಇತ್ತು. ನಮ್ಮ ಕೇರಿಯವರ ಕಪ್ಪು-ಬಸಿ ಹೊರಗೋಡೆಯ ಗೂಡಿನಲ್ಲಿ. ಅಪ್ಪ ತಾನೇ ತೆಗೆದು, ಮೇಲಿಂದ ಚಹಾ ಹೊಯ್ಯಿಸಿಕೊಂಡು, ಕುಡಿದು, ತೊಳೆದು ಅಲ್ಲೇ ಇಡುತ್ತಿದ್ದ. ದುಡ್ಡು ಮಾತ್ರ ಒಳಗಿನವರಷ್ಟೇ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ತಂದುಕೊಂಡ ಕಲ್ಯಾಣದ ಬಸವಣ್ಣ ಗಲ್ಲಾದ ಮೇಲೆ ಊದಿನಕಡ್ಡಿಯ ಹೊಗೆಯೊಳಗಿದ್ದ. ಮಾಲಕ ಕೆಟ್ಟವನಲ್ಲ. "ಸಾಲಿಗೆ ಹೊಂಟೀಯಿಲ್ಲೋ ತಮ್ಮಾ?" ಅಂತ ಅಕ್ಕರೆಯಿಂದ ಕೇಳುತ್ತಿದ್ದ. "ಹೊರಗ ಕುಂಡ್ರು" ಅಂತ ಒಂದು ದಿನವೂ ಅನ್ನಲಿಲ್ಲ. ಆ ಮಾತನ್ನು ಗೂಡೇ ಹೇಳುತ್ತಿತ್ತು.

ಹಾಗಾದರೆ ತಪ್ಪು ಯಾರದು? "ನನ್ನ ಮನಸಿನ್ಯಾಗ ಏನೂ ಇಲ್ರಿ, ಗಿರಾಕಿ ಬಿಟ್ಟು ಹೋಗ್ತಾವ" ಅಂತ ಮಾಲಕ. "ಅಂಗಡಿ ಅವನದು, ನಾವೇನು ಮಾಡೂಣು" ಅಂತ ಗಿರಾಕಿ. "ಅಂವ ತಾನಾಗೇ ಹೊರಗ ಕುಂತಾನ" ಅಂತ ಇಬ್ಬರೂ. ಹುಟ್ಟಿದಾಗಿನಿಂದ ಮುಚ್ಚಿದ ಬಾಗಿಲ ಮುಂದೆ ಕುಂತವನ ಕುಂಡ್ರುವಿಕೆಯನ್ನು ಅವನ ಇಷ್ಟ ಅನ್ನುವುದು ಎಂಥ ನ್ಯಾಯ? ಎಲ್ಲರ ಮನಸ್ಸೂ ಚೊಕ್ಕ, ಗೂಡು ಮಾತ್ರ ಗಟ್ಟಿ!

ಮನಸ್ಸು ಬದಲಾಗಲಿ ಅಂತ ಬಾಬಾಸಾಹೇಬರು ಕಾಯಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಹೋಟೆಲನ್ನೇ ಹೆಸರಿಸಿತು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರ ಕಾಯ್ದೆ ಹೋಟೆಲಿನ ಪಾತ್ರೆಗಳ ಬಳಕೆಯನ್ನೂ ಬಿಡಿಸಿ ಹೇಳಿತು. ಅದು ಬಂದು 20 ವರ್ಷದ ಮೇಲೆ ನಾನು ಕಂಡದ್ದು ಆ ಗೂಡನ್ನು. ಅಮೆರಿಕದ ಗ್ರೀನ್ಸ್‌ಬರೋದಲ್ಲಿ 1960ರ ಫೆಬ್ರುವರಿ 1ರಂದು ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರ ಊಟದ ಕಟ್ಟೆಯ ಮುಂದೆ ಕುಂತು ಕಾಫಿ ಕೇಳಿದರು. ಅವರು ಯಾರ ಪ್ರೀತಿಯನ್ನೂ ಬೇಡಲಿಲ್ಲ. ಕುಂತ ಜಾಗದಲ್ಲಿ ಕಾಫಿ ಕೊಡಿರಿ ಅಂದರು.

ಈಗ ಕಾಗದದ ಕಪ್ಪು ಬಂದಿದೆ. ಎಲ್ಲರೂ ಕುಡಿದು ಬುಟ್ಟಿಗೆ ಒಗೆಯುತ್ತಾರೆ. ಇದು ಸಮಾನತೆಯೇ? ಯಾರ ಎಂಜಲು ಯಾರು ತೊಳೆಯಬೇಕು ಅನ್ನುವ ಪ್ರಶ್ನೆಯನ್ನೇ ಈ ಕಪ್ಪು ತಪ್ಪಿಸಿಬಿಟ್ಟಿತು; ಬಿಡಿಸಲಿಲ್ಲ. ಆದರೂ ಅದನ್ನು ನಾನು ಹಳಿಯಲಾರೆ. ನನ್ನ ಮಗಳು ಗೂಡಿನ ಗುರುತೇ ಇಲ್ಲದೆ ಬಾಕಿನ ಮೇಲೆ ಕುಂತು ಚಹಾ ಕುಡಿಯುತ್ತಾಳೆ. ಅದು ಸಣ್ಣ ಮಾತಲ್ಲ.

ಆದರೆ ಅಡಿಗೆಮನೆಯ ಅಡ್ಡಗೋಡೆ ಇನ್ನೂ ಇದೆ. ನಮ್ಮ ಕೇರಿಯ ಹೆಣ್ಣುಮಗಳು ತನ್ನ ಹೆಸರಿನ ಬೋರ್ಡು ಹಾಕಿ ಖಾನಾವಳಿ ತೆಗೆದು, ಕಾಣುವಂತೆ ಕುಂತು ರೊಟ್ಟಿ ಬಡಿದರೆ ಊರವರು ಬಂದು ಉಣ್ಣುತ್ತಾರೆಯೇ? ಕಪ್ಪನ್ನು ಒಗೆಯಬಹುದು. ರೊಟ್ಟಿಯ ಮೇಲೆ ಬಡಿದವಳ ಬೆರಳಿನ ಗುರುತಿರುತ್ತದೆ.

ಗೆಳೆಯರೇ, ಇನ್ನೊಮ್ಮೆ ಖಾನಾವಳಿಗೆ ಹೋದಾಗ ಗೋಡೆಯ ಬಣ್ಣ ನೋಡಬೇಡಿರಿ. ಒಲೆಯ ಮುಂದೆ ಯಾರು ಕೂಡ್ರಬಹುದು ಅಂತ ಗಲ್ಲಾದ ಮುಂದೆ ನಿಂತು ಜೋರಾಗಿ ಕೇಳಿರಿ.