ಮಲ್ಡರ್ ಮುಚ್ಚಿಟ್ಟ ಸೀಸೆ

ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1993ರಲ್ಲಿ ಶುರುವಾದ ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿಯನ್ನು ನೋಡಿದವರಿಗೆ ಫಾಕ್ಸ್ ಮಲ್ಡರ್ ಎಂಥ ಆಸಾಮಿ ಅಂತ ಗೊತ್ತಿರುತ್ತದೆ. ಎಫ್‌ಬಿಐ ಕಟ್ಟಡದ ನೆಲಮಾಳಿಗೆಯಲ್ಲಿ ಕೂತು, ಬೇರೆ ಯಾರಿಗೂ ಬೇಡವಾದ ಕಡತಗಳನ್ನು ಕೆದಕುವವನು. ಹನ್ನೆರಡು ವರ್ಷದವನಿದ್ದಾಗ ತಂಗಿ ಕಾಣೆಯಾದಳು. ಮೇಲಿನವರಿಗೆ ಎಲ್ಲವೂ ಗೊತ್ತಿದೆ, ನಮ್ಮ ಒಳ್ಳೆಯದಕ್ಕೇ ಎಂದು ಹೇಳಿಕೊಂಡು ನಮ್ಮಿಂದ ಮುಚ್ಚಿಡುತ್ತಿದ್ದಾರೆ ಅನ್ನುವುದು ಆಮೇಲಿನ ಅವನ ಬದುಕಿಡೀ ಇದ್ದ ಒಂದೇ ದೂರು. ಜೊತೆಗೆ ಕೆಲಸ ಮಾಡುವ ಡೇನಾ ಸ್ಕಲಿ ವೈದ್ಯೆ. ಶವ ಕೊಯ್ದು ನೋಡಿದ ಮೇಲೆಯೇ ಮಾತಾಡುವವಳು, ಪುರಾವೆ ಇಲ್ಲದೆ ಏನನ್ನೂ ಒಪ್ಪದವಳು. ಇಂಥವಳಿಂದ, ಅದೂ ಅವಳದೇ ಮೈಗೆ ಸಂಬಂಧಿಸಿದ ವಿಷಯವನ್ನು, ಮುಚ್ಚಿಟ್ಟವನು ಇದೇ ಮಲ್ಡರ್.

1997ರ ಫೆಬ್ರುವರಿಯಲ್ಲಿ ಪ್ರಸಾರವಾದ ‘ಮೆಮೆಂಟೊ ಮೋರಿ’ ಕಂತು ಅದು. ಸ್ಕಲಿಗೆ ಕ್ಯಾನ್ಸರ್. ಮೂಗಿನ ಹಿಂಭಾಗದಲ್ಲಿ, ಮೆದುಳಿಗೆ ತೀರಾ ಹತ್ತಿರದಲ್ಲಿ ಗಡ್ಡೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಚಿತ್ರವನ್ನು ಎದುರಿಗಿಟ್ಟುಕೊಂಡು ಅವಳೇ ಮಲ್ಡರ್‌ಗೆ ವಿವರಿಸುತ್ತಾಳೆ, ಇನ್ಯಾರದೋ ಕೇಸನ್ನು ವಿವರಿಸುವ ಹಾಗೆ. ಹಿಂದೊಮ್ಮೆ ಅವಳನ್ನು ಅಪಹರಿಸಿದ್ದವರು ನಡೆಸಿದ ಪ್ರಯೋಗಗಳ ಫಲ ಇದು. ಮದ್ದಿನ ಸುಳಿವು ಸಿಗಬಹುದೆಂದು ಮಲ್ಡರ್ ಒಂದು ಸಂಶೋಧನಾಲಯಕ್ಕೆ ಕದ್ದು ನುಗ್ಗುತ್ತಾನೆ. ತಣ್ಣನೆಯ ಕೋಣೆ, ಗೋಡೆಯುದ್ದಕ್ಕೂ ಡ್ರಾಯರುಗಳು, ಅವುಗಳ ಮೇಲೆ ಹೆಂಗಸರ ಹೆಸರುಗಳು. ಸ್ಕಲಿಯ ಹೆಸರಿನ ಡ್ರಾಯರನ್ನು ಎಳೆದರೆ ಒಳಗೆ ಸಣ್ಣ ಗಾಜಿನ ಸೀಸೆಗಳು. ಅವುಗಳಲ್ಲಿರುವುದು ಅವಳ ಅಂಡಾಣುಗಳು. ಅಂದರೆ ಅವಳಿನ್ನು ತಾಯಿಯಾಗಲಾರಳು, ಅದಕ್ಕೆ ಕಾರಣವಾದದ್ದು ಇಲ್ಲಿದೆ. ಒಂದು ಸೀಸೆಯನ್ನು ತೆಗೆದುಕೊಂಡು ಹೊರಬರುತ್ತಾನೆ. ಕಂತಿನ ಕೊನೆಯಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳನ್ನು ಅಪ್ಪಿ ಹಣೆಗೆ ಮುತ್ತಿಡುತ್ತಾನೆ. ಸೀಸೆಯ ಸುದ್ದಿ ಎತ್ತುವುದಿಲ್ಲ.

ಆ ದೃಶ್ಯದ ಮುಂದೆ ಕೂತಾಗ ಅವನ ಮೇಲೆ ಸಿಟ್ಟು ಬರುವುದಿಲ್ಲ, ಅದೇ ಅದರ ಅಪಾಯ. ಸಾವು ಹತ್ತಿರ ನಿಂತಿರುವ ಹೆಂಗಸಿಗೆ, ನಿನಗೆ ಮಕ್ಕಳೂ ಆಗುವುದಿಲ್ಲ ಅಂತ ಇವತ್ತೇ ಹೇಳಬೇಕೆ? ನಾನಾಗಿದ್ದರೂ ಆ ಸಂಜೆ ಬಾಯಿಬಿಡುತ್ತಿರಲಿಲ್ಲ ಅಂತಲೇ ಅನ್ನಿಸುತ್ತದೆ. ಆ ಸಂಜೆ ಮಾತ್ರ. ಅಪ್ರಿಯವಾದ ಸತ್ಯವನ್ನು ಆಡಬೇಡ ಎಂದು ಮನುಸ್ಮೃತಿಯೇ ಹೇಳಿದೆಯಲ್ಲ ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ಅದೇ ಶ್ಲೋಕ ಪ್ರಿಯವಾದ ಸುಳ್ಳನ್ನೂ ಆಡಬೇಡ ಅನ್ನುತ್ತದೆ. ಆ ಭಾಗ ಮಾತ್ರ ಯಾರ ನಾಲಿಗೆಯ ಮೇಲೂ ಸುಳಿಯುವುದಿಲ್ಲ.

ಮಲ್ಡರನ ಮೌನ ನಮಗೆ ಪರಕೀಯವೇನಲ್ಲ. ನಮ್ಮ ಯಾವ ದೊಡ್ಡ ಆಸ್ಪತ್ರೆಯ ಮೊಗಸಾಲೆಯಲ್ಲಿ ಅರ್ಧ ದಿನ ಕೂತರೂ ಅವನು ಎದುರಾಗುತ್ತಾನೆ. ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ರಿಪೋರ್ಟಿನ ಫೈಲನ್ನು ಕಂಕುಳಲ್ಲಿ ಅವುಚಿಕೊಂಡು ಮಗ ಒಬ್ಬನೇ ಒಳಗೆ ಹೋಗುತ್ತಾನೆ. “ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ.” ಹೊರಬಂದು, “ಸಣ್ಣ ಗಂಟಂತೆ ಅಪ್ಪ, ಡ್ರಿಪ್ ಹಾಕಿದ್ರೆ ಕರಗುತ್ತಂತೆ” ಅನ್ನುತ್ತಾನೆ. ಅಪ್ಪ ಮಗನ ಮುಖವನ್ನೊಮ್ಮೆ ನೋಡಿ, “ಹೂಂ, ಕರಗ್ಲಿ ಬಿಡು” ಅನ್ನುತ್ತಾರೆ. ಮೂರನೇ ಡ್ರಿಪ್ಪಿನ ಹೊತ್ತಿಗೆ ತಲೆದಿಂಬಿನ ಮೇಲೆ ಕೂದಲು ಉದುರಿರುತ್ತದೆ. ಅಪ್ಪನಿಗೆ ಗೊತ್ತು. ಅಪ್ಪನಿಗೆ ಗೊತ್ತಿದೆ ಅನ್ನುವುದು ಮಗನಿಗೂ ಗೊತ್ತು. ಆದರೂ ಇಬ್ಬರೂ ಕೊನೆಯವರೆಗೆ ಆ ಸಣ್ಣ ಗಂಟಿನ ಮಾತನ್ನೇ ಆಡುತ್ತಾರೆ. ತೋಟವನ್ನು ಯಾರ ಹೆಸರಿಗೆ ಮಾಡಬೇಕು, ಮುರಿದುಕೊಂಡ ತಮ್ಮನನ್ನು ಒಂದು ಸಲ ಕರೆಸಬೇಕೋ ಬೇಡವೋ, ಹೊತ್ತ ಹರಕೆಯನ್ನು ಯಾವಾಗ ತೀರಿಸುವುದು, ಇವನ್ನೆಲ್ಲ ಆ ಮನುಷ್ಯ ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಿದರೆ ಮಗನ ಸುಳ್ಳನ್ನು ಒಡೆದಂತಾಗುತ್ತದೆ. ಈಗ ಕಾಪಾಡುವ ಕೆಲಸವೂ ರೋಗಿಯ ತಲೆಗೇ ಬಂತು.

ಇದು ನಮ್ಮ ದೇಶದವರ ದೌರ್ಬಲ್ಯ ಎಂದುಕೊಳ್ಳುವುದು ಬೇಡ. 1961ರಲ್ಲಿ ಅಮೆರಿಕದಲ್ಲಿ ಡೊನಾಲ್ಡ್ ಓಕನ್ ಎಂಬ ವೈದ್ಯ ಸಮೀಕ್ಷೆ ಮಾಡಿದಾಗ, ಉತ್ತರಿಸಿದ ಡಾಕ್ಟರುಗಳಲ್ಲಿ ಶೇ 90ರಷ್ಟು ಮಂದಿ ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದೇ ಲೇಸು ಅಂದಿದ್ದರು. ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ 1979ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 97 ಮಂದಿ ಹೇಳುವುದೇ ಸರಿ ಅಂದರು. ಇಪ್ಪತ್ತು ವರ್ಷದೊಳಗೆ ಮನುಷ್ಯರ ಎದೆ ಗಟ್ಟಿಯಾಗಿರಲಾರದು. ರೋಗ ಯಾರದೋ ಅವರನ್ನು ಕೇಳಿಯೇ ಚಿಕಿತ್ಸೆ ಆಗಬೇಕು ಅನ್ನುವ ವಿಚಾರ ಅಷ್ಟರಲ್ಲಿ ಗಟ್ಟಿಯಾಗಿತ್ತು.

ಮಲ್ಡರನ ವಿಷಯದಲ್ಲಿ ನನ್ನನ್ನು ಕಾಡುವುದೂ ಇದೇ. ಕರಾಳ ಸತ್ಯಗಳನ್ನು ಹೇಳಲು ಅವನಿಗೆ ಅಂಜಿಕೆಯೇನೂ ಇಲ್ಲ. ಲೋಕವೆಲ್ಲ ಪಿತೂರಿಯಲ್ಲಿ ಮುಳುಗಿದೆ ಅನ್ನುವುದನ್ನು ನಡುರಾತ್ರಿ ಫೋನ್ ಮಾಡಿ, ಅವಳನ್ನು ನಿದ್ದೆಯಿಂದ ಎಬ್ಬಿಸಿ ಹೇಳಬಲ್ಲ. ಅವಳು ಅದನ್ನೆಲ್ಲ ತಾಳಿಕೊಳ್ಳುತ್ತಾಳೆಂಬ ನಂಬಿಕೆ ಅವನಿಗಿದೆ. ಅವಳ ಮೈಯ ಸತ್ಯ ಬಂದಾಗ ಮಾತ್ರ ಅವಳು ಒಮ್ಮೆಲೇ ತಡೆದುಕೊಳ್ಳಲಾರದವಳಾಗಿಬಿಡುತ್ತಾಳೆ. ಸಹೋದ್ಯೋಗಿ ಹೋಗಿ ರೋಗಿಯಾಗುತ್ತಾಳೆ, ರೋಗಿಯೂ ಹೋಗಿ ಮಗುವಾಗುತ್ತಾಳೆ. ಸರ್ಕಾರ ತನ್ನನ್ನು ಯಾವ ಜಾಗದಲ್ಲಿ ಕೂರಿಸಿತೆಂದು ಅವನು ಹಲ್ಲು ಕಡಿಯುತ್ತಾನೋ, ಅದೇ ಜಾಗದಲ್ಲಿ ಅವಳನ್ನು ಕೂರಿಸಿದ್ದಾನೆ.

ಆ ಸಂಜೆಯ ಮೌನವನ್ನು ನಾನು ಒಪ್ಪಿದೆ. ಹೇಳಲು ಹೊತ್ತು ಗೊತ್ತು ನೋಡುವುದು ಕರುಣೆಯೇ. ಆದರೆ ಯಾವಾಗ ಹೇಳುತ್ತೇನೆಂದು ಮನಸ್ಸಿನಲ್ಲಾದರೂ ಗೊತ್ತುಮಾಡಿಕೊಳ್ಳದ ಮೌನ ದಿನ ಕಳೆದಂತೆ ಬೇರೆಯೇ ಆಗುತ್ತದೆ. ಸ್ಕಲಿಯ ಕ್ಯಾನ್ಸರ್ ಇಳಿಯಿತು, ಅವಳು ಕೆಲಸಕ್ಕೆ ಮರಳಿದಳು, ಮಲ್ಡರ್ ಸುಮ್ಮನೇ ಇದ್ದ. ಅದೇ ವರ್ಷದ ಡಿಸೆಂಬರಿನ ‘ಎಮಿಲಿ’ ಕಂತಿನಲ್ಲಿ, ಅವಳದೇ ಅಂಡಾಣುವಿನಿಂದ ಹುಟ್ಟಿಸಿದ ಹೆಣ್ಣುಮಗುವೊಂದು ಎದುರಾಗಿ, ದತ್ತು ಕೇಳಲು ಅವಳು ನ್ಯಾಯಾಧೀಶರ ಮುಂದೆ ಹೋದಾಗ, ವಿಧಿಯಿಲ್ಲದೆ ಮಲ್ಡರ್ ಬಾಯಿಬಿಡುತ್ತಾನೆ. ತನ್ನ ಮೈಯೊಳಗಿನ ಸಂಗತಿ ಮೂರನೆಯವರಿಗೆ ಹೇಳುವ ಸಾಕ್ಷ್ಯದ ರೂಪದಲ್ಲಿ ಅವಳ ಕಿವಿಗೆ ಬಿತ್ತು. ನಿನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ ಎಂದು ಆಮೇಲೆ ಸಮಜಾಯಿಷಿ ಕೊಟ್ಟ. ಆಗಲೂ ಪೂರ್ತಿ ಹೇಳಲಿಲ್ಲ. 2001ರಲ್ಲಿ ಬಂದ ‘ಪರ್ ಮಾನಮ್’ ಕಂತಿನ ಹಿನ್ನೋಟದಲ್ಲಿ, ಲಿಫ್ಟಿನ ಬಳಿ, ಉಳಿದದ್ದು ಹೊರಬರುತ್ತದೆ. ಆ ಅಂಡಾಣುಗಳು ತನಗೆ ಸಿಕ್ಕಿದ್ದವು, ತಜ್ಞರ ಹತ್ತಿರ ಪರೀಕ್ಷೆ ಮಾಡಿಸಿದೆ, ಪ್ರಯೋಜನಕ್ಕಿಲ್ಲ ಅಂದರು. ಬಡ್ಡಿಗೆ ಹೆದರಿದ ಸಾಲಗಾರ ಕಂತು ಕಟ್ಟಿದ ಹಾಗೆ ಸತ್ಯವನ್ನು ಕೊಟ್ಟುಕೊಂಡು ಬಂದಿದ್ದಾನೆ.

ಆಗ ಸ್ಕಲಿ ಏನು ಮಾಡಿದಳು? ಕುಸಿದು ಕೂರಲಿಲ್ಲ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಬೇಕು ಅಂದಳು. ಕೇಳಿದಳು ಕೂಡ. ಅವಕಾಶ ಇದೆ ಎಂಬ ಉತ್ತರ ಬಂತು. ಆ ಪ್ರಯತ್ನ ಕೈಗೂಡಲಿಲ್ಲ ಅನ್ನುವುದು ಬೇರೆ ಮಾತು. ಇಷ್ಟು ವರ್ಷ ಅವಳ ಪರವಾಗಿ ಮಲ್ಡರ್ ಒಂದೇ ವೈದ್ಯರ ಮಾತನ್ನು ಒಪ್ಪಿಕೊಂಡು, ಒಂದು ಬಾಗಿಲನ್ನು ಮುಚ್ಚಿ ಅಗುಳಿ ಹಾಕಿ ಕೂತಿದ್ದ. ದುಃಖವನ್ನು ಮರೆಮಾಡುತ್ತೇನೆಂದು ಹೊರಟವನು ಅವಳ ನಿರ್ಧಾರವನ್ನೂ ತಾನೇ ತೆಗೆದುಕೊಂಡುಬಿಟ್ಟ. ಅವಳಿಗೆ ನೋವಾಯಿತು ಅನ್ನುವುದಕ್ಕಿಂತ ಈ ಸಂಗತಿ ನನಗೆ ದೊಡ್ಡದಾಗಿ ಕಾಣುತ್ತದೆ.

ಮಹಾಭಾರತದಲ್ಲಿ ಇದಕ್ಕಿಂತ ಕಠಿಣವಾದ ಗುಟ್ಟೊಂದಿದೆ. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಹೋಗಿ, ನೀನು ಕುಂತಿಯ ಹಿರಿಯ ಮಗ ಎಂದು ತಿಳಿಸುತ್ತಾನೆ. ಕೃಷ್ಣನ ಉದ್ದೇಶವೇನೂ ಶುದ್ಧವಲ್ಲ, ಅವನಿಗೆ ಕರ್ಣನನ್ನು ಪಾಂಡವರ ಪಕ್ಷಕ್ಕೆ ಎಳೆಯಬೇಕಿತ್ತು. ಆದರೂ ಗುಟ್ಟು ಅದು ಸೇರಬೇಕಾದವನ ಕೈಗೆ ಮೊದಲು ಸೇರಿತು. ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ಕರ್ಣನೇ ತೀರ್ಮಾನಿಸಿದ. ಯುಧಿಷ್ಠಿರನಿಗೆ ಹೇಳಬೇಡ, ತಿಳಿದರೆ ಅವನು ರಾಜ್ಯವನ್ನು ಒಲ್ಲೆ ಅನ್ನುತ್ತಾನೆ ಎಂದು ಬೇಡಿಕೊಂಡ. ಕೃಷ್ಣ ಬಾಯಿಬಿಡಲಿಲ್ಲ. ಅಲ್ಲಿಯೂ ಮುಚ್ಚಿಟ್ಟದ್ದೇ, ಅದರಿಂದ ಅನಾಹುತವೂ ಕಡಿಮೆ ಆಗಲಿಲ್ಲ. ಆದರೆ ಆ ಮೌನಕ್ಕೆ ಕರ್ಣನ ಒಪ್ಪಿಗೆಯಿತ್ತು. ನನಗೇನೂ ಹೇಳಬೇಡಿ, ತಿಳಿಯುವುದು ಬೇಡ ಅನ್ನುವ ರೋಗಿಗಳೂ ಇದ್ದಾರೆ. ಅವರ ಮಾತನ್ನು ಮೀರಿ ಸತ್ಯವನ್ನು ಕಿವಿಗೆ ತುರುಕುವುದು ಇನ್ನೊಂದು ಬಗೆಯ ದರ್ಪ. ಸ್ಕಲಿ ಹಾಗೆ ಹೇಳಿದವಳಲ್ಲ. ಅವಳನ್ನು ಯಾರೂ ಕೇಳಲೇ ಇಲ್ಲ.

ಇಷ್ಟು ಹೇಳಿದ ಮೇಲೆ ನನ್ನ ವಾದವೇ ನನ್ನನ್ನು ಇಕ್ಕಟ್ಟಿಗೆ ಸಿಲುಕಿಸುವ ಕಡೆಗೆ ಬರಬೇಕು. ಮಲ್ಡರ್ ಕಣ್ಮರೆಯಾದ ಮೇಲೆ, 2000ದ ನವೆಂಬರಿನ ‘ವಿದಿನ್’ ಕಂತಿನಲ್ಲಿ, ಅವನಿಗೆ ಮೆದುಳಿನ ಕಾಯಿಲೆಯಿತ್ತು, ಸುಮಾರು ಒಂದು ವರ್ಷದಿಂದ ಸಾಯುತ್ತಿದ್ದ ಎಂಬುದು ಸ್ಕಲಿಗೆ ತಿಳಿಯುತ್ತದೆ. ಕುಟುಂಬದ ಗೋರಿಕಲ್ಲಿನ ಮೇಲೆ ತನ್ನ ಹೆಸರನ್ನೂ ಕೆತ್ತಿಸಿಟ್ಟಿದ್ದನಂತೆ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಮೈ ಅವನದು, ಕಾಯಿಲೆ ಅವನದು. ಹೇಳುವುದೂ ಬಿಡುವುದೂ ಅವನಿಗೆ ಸೇರಿದ್ದು ಎಂದು ನಾನು ಒಪ್ಪಲೇಬೇಕು, ಒಪ್ಪುತ್ತೇನೆ. ಆದರೂ ಪಿಸ್ತೂಲು ಹಿಡಿದು ಒಬ್ಬರ ಬೆನ್ನನ್ನು ಇನ್ನೊಬ್ಬರು ಕಾಯುವ ಕೆಲಸದಲ್ಲಿ, ನನ್ನ ಮೆದುಳು ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ ಅನ್ನುವುದು ಪೂರ್ತಿ ಸ್ವಂತದ ವಿಷಯವೇ? ಇಲ್ಲಿ ನನಗೆ ತೀರ್ಪು ಕೊಡಲು ಬರುವುದಿಲ್ಲ. ಸೀಸೆಗಿಂತ ಇದನ್ನು ಬೇಗ ಕ್ಷಮಿಸಬಲ್ಲೆ, ಅಷ್ಟೇ. ಸ್ಕಲಿಯೂ ಇದರಲ್ಲಿ ಪೂರ್ತಿ ಬೇರೆಯವಳಲ್ಲ. ತನ್ನ ಗಡ್ಡೆಯ ಸಂಗತಿಯನ್ನು ಅವಳು ಮೊದಲು ಹೇಳಿದ್ದು ಮಲ್ಡರ್‌ಗೆ, ಹೆತ್ತಮ್ಮನಿಗಲ್ಲ. ತಡವಾಗಿ ತಿಳಿದ ಆ ತಾಯಿ ಆಸ್ಪತ್ರೆಗೆ ಬಂದು, ನನಗೇಕೆ ಕೂಡಲೇ ಹೇಳಲಿಲ್ಲ ಎಂದು ಮಗಳನ್ನು ಜಗಳಕ್ಕೇ ಎಳೆದಳು.